ಯಾವ ಕಣ್ಣಿನ ಸಂಜೆ ನಿಜ? ಮೋನೆಯ ನೈದಿಲೆ ಕೊಳದ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ನನಗೆ 66 ವರ್ಷ. ಶಿಕ್ಷಕಿಯಾಗಿ ನಿವೃತ್ತಳಾಗಿ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕ್ಲೋದ್ ಮೋನೆಯ ಒಂದು ಚಿತ್ರವಿದೆ. ಸಂಜೆಗೆಂಪು ಬಿದ್ದ ಕೊಳದಲ್ಲಿ ತಾವರೆಗಳು ತೇಲುತ್ತಿರುವ ಚಿತ್ರ. ಆರು ವರ್ಷಗಳ ಹಿಂದೆ ಮಗ ಅದರ ಮುದ್ರಿತ ಪ್ರತಿಯೊಂದನ್ನು ಆನ್‌ಲೈನ್ ಅಂಗಡಿಯಿಂದ ತರಿಸಿ, ಕಟ್ಟು ಹಾಕಿಸಿ ಕೊಟ್ಟಿದ್ದ. ಪಡಸಾಲೆಯಲ್ಲಿ ಪಶ್ಚಿಮದ ಕಿಟಕಿಗೆ ಎದುರಾದ ಗೋಡೆಯ ಮೇಲೆ ಅದನ್ನು ಹಾಕಿದ್ದೇನೆ, ದಿನವೂ ನೋಡುತ್ತೇನೆ. ಎರಡು ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದೆ. ಎಡಗಣ್ಣಿನದು ಇನ್ನೂ ಬಾಕಿ ಇದೆ. ಈಗ ಬಲಗಣ್ಣಿನಿಂದ ನೋಡಿದರೆ ಆ ಕೊಳ ನೀಲಿ, ನೇರಳೆ. ಎಡಗಣ್ಣಿನಿಂದ ನೋಡಿದರೆ ಅದೇ ಕೊಳ ಚಹಾದ ಡಿಕಾಕ್ಷನ್ ಬಣ್ಣ. ನಮ್ಮ ಭಾವನವರು ಇದನ್ನು ಕೇಳಿ, “ಮೋನೆಗೂ ಪೊರೆ ಬಂದಿತ್ತು, ಅದಕ್ಕೇ ಅವನಿಗೆ ಎಲ್ಲವೂ ಕೆಂಪಾಗಿ ಮಸುಕಾಗಿ ಕಂಡದ್ದು, ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ” ಎಂದರು. ಹಾಗಾದರೆ ಇಷ್ಟು ವರ್ಷ ನಾನು ಮೆಚ್ಚಿದ್ದು ಒಂದು ಕಾಯಿಲೆಯನ್ನೇ? ನನ್ನ ಯಾವ ಕಣ್ಣಿಗೆ ಕಾಣುವುದು ನಿಜವಾದ ಚಿತ್ರ? ಪ್ರತಿಯ ಬಣ್ಣವೇ ಕೆಟ್ಟಿದೆ ಎನ್ನುತ್ತಾಳೆ ಸೊಸೆ. ವಾರ್ನಿಷ್ ಹೊಡೆಸಿದರೆ ಸರಿಹೋದೀತೆ, ಅಥವಾ ಇಲ್ಲಿನ ಕಲಾವಿದರಿಂದ ಕೈಯಲ್ಲೇ ಬರೆಸಿಕೊಳ್ಳಲೇ? ಡಿಸೆಂಬರಿನಲ್ಲಿ ಲಂಡನ್ನಿನಲ್ಲಿರುವ ಮಗನ ಮನೆಗೆ ಹೋಗುವವಳಿದ್ದೇನೆ. ಮೂಲವನ್ನು ನೋಡುವಾಗ ಏನನ್ನು ಗಮನಿಸಬೇಕು?

ಉತ್ತರ: ತೈಲಚಿತ್ರಗಳ ಸಂರಕ್ಷಣೆಯಲ್ಲಿ ಮೂವತ್ತು ವರ್ಷ ಕಳೆದ ನನಗೆ “ಇದರ ನಿಜವಾದ ಬಣ್ಣ ಯಾವುದು” ಎಂಬ ಪ್ರಶ್ನೆ ಬಂದಷ್ಟು ಬೇರೆ ಯಾವ ಪ್ರಶ್ನೆಯೂ ಬಂದಿಲ್ಲ. ಆದರೆ ಒಂದೇ ಮುಖದಲ್ಲಿ ಎರಡು ಬೇರೆ ಬೇರೆ ಕಣ್ಣುಗಳನ್ನಿಟ್ಟುಕೊಂಡು ಅದನ್ನು ಕೇಳಿದವರು ನೀವೇ ಮೊದಲಿಗರು. ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ: ಮೋನೆಯವರ ಕಣ್ಣು, ನಿಮ್ಮ ಕಣ್ಣು ಮತ್ತು ಗೋಡೆಯ ಮೇಲಿರುವ ಕಾಗದದ ಶಾಯಿ. ಈ ಮೂರನ್ನೂ ಬಿಡಿಸಿ ನೋಡದೆ ಯಾವುದಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ. ನಿಮ್ಮನ್ನು ಹೆಚ್ಚು ಕಾಡಿರುವುದಕ್ಕೆ ಮೊದಲೇ ಹೇಳಿಬಿಡುತ್ತೇನೆ: ನೀವು ಮೆಚ್ಚಿದ್ದು ಕಾಯಿಲೆಯನ್ನಲ್ಲ. ಲಂಡನ್ನಿನ ಆ ಚಿತ್ರವನ್ನು ಮೋನೆ ಬರೆದದ್ದು ಸುಮಾರು 1907ರಲ್ಲಿ. ಅವರ ಎರಡೂ ಕಣ್ಣುಗಳಲ್ಲಿ ಪೊರೆಯಿದೆ ಎಂದು ವೈದ್ಯರು ಹೇಳಿದ್ದು 1912ರಲ್ಲಿ.

ಬಣ್ಣದ ಮಾತಿಗೆ ಮೊದಲು ಹೂವಿನ ಮಾತು, ಏಕೆಂದರೆ ಸಂಜೆಗೂ ಅದಕ್ಕೂ ಸಂಬಂಧವಿದೆ. ಚಿತ್ರದಲ್ಲಿರುವುದು ತಾವರೆಯಲ್ಲ, ನೈದಿಲೆ. ತಾವರೆಯ ಎಲೆ, ಹೂವು ಎರಡೂ ದಂಟಿನ ಮೇಲೆ ನೀರಿನಿಂದ ಎದ್ದು ನಿಲ್ಲುತ್ತವೆ. ಮೋನೆಯ ಕೊಳದ ನೈದಿಲೆ ಎಲೆಗಳು ತಟ್ಟೆಯಂತೆ ನೀರಿನ ಮೇಲೆಯೇ ಮಲಗಿರುತ್ತವೆ. ಚಿತ್ರ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ನೀರಿನ ಮಟ್ಟ ಎಲ್ಲಿದೆ ಎಂಬುದನ್ನು ನಮಗೆ ತೋರಿಸಿಕೊಡುವುದು ಆ ಮಲಗಿರುವ ಎಲೆಗಳು ಮಾತ್ರ. ಅವುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಬುಡಮೇಲಾದ ಆಕಾಶ ಮತ್ತು ಮರಗಳ ನೆರಳು.

ಕೊಳ ಸಹಜವಾಗಿ ಅಲ್ಲಿದ್ದದ್ದಲ್ಲ, ಮೋನೆ ತೋಡಿಸಿದ್ದು. ಪ್ಯಾರಿಸ್ಸಿನ ವಾಯವ್ಯಕ್ಕಿರುವ ಜಿವೆರ್ನಿ ಎಂಬ ಹಳ್ಳಿಗೆ ಅವರು 1883ರಲ್ಲಿ ಬಂದು, 1893ರಲ್ಲಿ ರೈಲು ಹಳಿಯ ಆಚೆಗಿದ್ದ ತುಂಡು ಭೂಮಿಯನ್ನು ಕೊಂಡು, ಎಪ್ತ್ ನದಿಯ ಸಣ್ಣ ಕವಲೊಂದರ ನೀರನ್ನು ತಿರುಗಿಸಿಕೊಂಡರು. ಪರದೇಶದ ಗಿಡಗಳಿಂದ ನೀರು ವಿಷವಾದೀತೆಂದು ಊರಿನವರು ಆಕ್ಷೇಪಿಸಿದ್ದೂ ದಾಖಲಾಗಿದೆ. ಚಳಿ ತಡೆದುಕೊಳ್ಳುವ ನೈದಿಲೆಯೆಂದರೆ ಅಲ್ಲಿಯವರೆಗೆ ಯುರೋಪಿನ ತೋಟಗಾರರಿಗೆ ಹೆಚ್ಚಾಗಿ ಬಿಳಿಯದೇ. ನೈರುತ್ಯ ಫ್ರಾನ್ಸಿನ ಲತೂರ್-ಮಾರ್ಲಿಯಾಕ್ ಎಂಬ ಗಿಡಬೆಳೆಗಾರರು ಬೇರೆ ನಾಡುಗಳ ಬಣ್ಣದ ತಳಿಗಳೊಂದಿಗೆ ಅದನ್ನು ಅಡ್ಡತಳಿ ಮಾಡಿ, ಗುಲಾಬಿ, ಹಳದಿ, ಕೆಂಪು ನೈದಿಲೆಗಳನ್ನು 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಇಟ್ಟರು. ಮೋನೆಯ ಕೊಳಕ್ಕೆ ಗಿಡಗಳು ಬಂದದ್ದು ಅವರ ನರ್ಸರಿಯಿಂದಲೇ.

ಈ ತಳಿಗಳು ಬೆಳಿಗ್ಗೆ ಅರಳಿ, ಮಧ್ಯಾಹ್ನ ಕಳೆಯುತ್ತಿದ್ದಂತೆ ಮುಚ್ಚಿಕೊಳ್ಳುತ್ತವೆ. ಚಂದ್ರನನ್ನು ಕಂಡು ನೈದಿಲೆ ಅರಳುತ್ತದೆ ಎಂಬುದು ನಮ್ಮ ಹಳೆಯ ಕಾವ್ಯಗಳ ರೂಢಿ. ನಮ್ಮ ಕೆರೆಗಳಲ್ಲಿ ರಾತ್ರಿ ಅರಳುವ ಜಾತಿಗಳೂ ಇರುವುದರಿಂದ ಅದು ಸುಳ್ಳೂ ಅಲ್ಲ. ಆದರೆ ಜಿವೆರ್ನಿಯ ನೈದಿಲೆಗೆ ಅದು ಹೊಂದುವುದಿಲ್ಲ. ಅಲ್ಲಿ ಮುಸ್ಸಂಜೆಯೆಂದರೆ ಹೂವು ಮುಚ್ಚುವ ಹೊತ್ತು. ಅದಕ್ಕೇ ಮೋನೆಯ ಸಂಜೆಯ ಚಿತ್ರಗಳಲ್ಲಿ ಹೂವನ್ನು ಹುಡುಕಿದರೆ ನಿರಾಸೆಯಾಗುತ್ತದೆ. ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕೆ, ಅಷ್ಟೆ. ಹೂವು ಹಿಂದೆ ಸರಿದಾಗ ಅದರ ಜಾಗಕ್ಕೆ ಬೆಳಕು ಬಂದು ನಿಲ್ಲುತ್ತದೆ. ನಿಮ್ಮ ಚಿತ್ರದಲ್ಲಿ ಕಣ್ಣನ್ನು ಮೊದಲು ಎಳೆಯುವುದು ಹೂವಲ್ಲ, ನೀರಿನಲ್ಲಿ ಉರಿಯುತ್ತಿರುವ ಆಕಾಶ ಎಂಬುದನ್ನು ನೀವೇ ಗಮನಿಸಿರುತ್ತೀರಿ.

ಈಗ ನಿಮ್ಮ ಭಾವನವರ ಮಾತು. ಅವರದು ಬಹಳ ಜನರ ನಂಬಿಕೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಮೋನೆಗೆ ಪೊರೆ ಬಂದಿತ್ತು, ಅದು ಅವರ ಕೊನೆಯ ವರ್ಷಗಳ ಕೆಲಸವನ್ನು ತಟ್ಟಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮೊದಲು ಕಾಮಾಲೆಯ ಗಾದೆಯನ್ನೇ ಪರೀಕ್ಷಿಸಿ. ಹಳದಿಯಾಗಿ ಕಾಣುವ ಕಣ್ಣಿನವನೊಬ್ಬ ಬಿಳಿ ಮಲ್ಲಿಗೆಯನ್ನು ನೋಡಿ ಚಿತ್ರ ಬರೆಯುತ್ತಾನೆ ಎನ್ನೋಣ. ಮಲ್ಲಿಗೆ ಅವನಿಗೆ ಹಳದಿ. ಹೋಲುವ ಬಣ್ಣಕ್ಕಾಗಿ ಬಣ್ಣ ಕಲಸುವ ತಟ್ಟೆಯನ್ನು ನೋಡಿದಾಗ ಅಲ್ಲಿನ ಬಿಳಿಯೂ ಅವನಿಗೆ ಅದೇ ಹಳದಿಯಾಗಿ ಕಾಣುತ್ತದೆ. ಹೊಂದುತ್ತದೆಂದು ಬಿಳಿಯನ್ನೇ ಬಳಿಯುತ್ತಾನೆ, ನಮಗೆ ಅದು ಬಿಳಿ ಮಲ್ಲಿಗೆಯೇ. ದೋಷ ವಸ್ತುವಿನ ಮೇಲೂ ಬಣ್ಣದ ಮೇಲೂ ಸಮನಾಗಿ ಕೆಲಸ ಮಾಡಿದಾಗ ಚಿತ್ರದಲ್ಲಿ ಅದರ ಗುರುತು ಉಳಿಯುವುದಿಲ್ಲ. ಎಲ್ ಗ್ರೆಕೊ ಎಂಬ ಕಲಾವಿದ ಉದ್ದುದ್ದ ದೇಹಗಳನ್ನು ಬರೆದದ್ದಕ್ಕೆ ಅವನ ವಕ್ರದೃಷ್ಟಿಯೇ ಕಾರಣ ಎಂದವರಿಗೆ ಕೊಟ್ಟ ಉತ್ತರವೂ ಇದೇ ತರ್ಕ. ಆ ತಪ್ಪು ವಾದಕ್ಕೆ ಇಂದಿಗೂ ಅವನ ಹೆಸರೇ ಇದೆ.

ಹಾಗಿದ್ದರೆ ಪೊರೆ ಏನನ್ನೂ ಮಾಡಲಿಲ್ಲವೇ ಎಂದರೆ, ಮಾಡಿತು. ಆದರೆ ಗಾದೆ ಹೇಳುವ ದಾರಿಯಲ್ಲಿ ಅಲ್ಲ. ಪೊರೆ ಬಲಿತಾಗ ಕಣ್ಣಿನ ಮಸೂರ ಹಳದಿ, ಆಮೇಲೆ ಕಂದು ಆಗುತ್ತಾ, ಬೆಳಕಿನ ನೀಲಿ ಮತ್ತು ನೇರಳೆ ಭಾಗವನ್ನು ಒಳಗೆ ಬಿಡದೆ ಹೀರಿಕೊಳ್ಳುತ್ತದೆ. ಆಗ ಗಾಢ ನೀಲಿ, ಗಾಢ ಹಸಿರು, ನೇರಳೆಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗಿ, ಬೇರೆ ಬೇರೆ ಬಣ್ಣಗಳು ಒಂದೇ ಕತ್ತಲೆಯಾಗಿ ಕಾಣುತ್ತವೆ. ವ್ಯತ್ಯಾಸವೇ ಕಾಣದಿದ್ದಾಗ ಹೊಂದಿಸಿ ನೋಡುವುದು ಹೇಗೆ? ಮೋನೆ ಬಣ್ಣದ ಟ್ಯೂಬುಗಳ ಮೇಲಿನ ಹೆಸರನ್ನು ಓದಿಕೊಂಡು, ತಟ್ಟೆಯಲ್ಲಿ ಬಣ್ಣಗಳನ್ನು ಎಂದೂ ಬದಲಾಗದ ಸಾಲಿನಲ್ಲಿಟ್ಟುಕೊಂಡು, ಅಭ್ಯಾಸ ಮತ್ತು ನೆನಪಿನ ಬಲದಿಂದ ಕೆಲಸ ನಡೆಸಿದರು. ಪ್ಯಾರಿಸ್ಸಿನ ಮಾರ್ಮೊತ್ತಾನ್ ಸಂಗ್ರಹಾಲಯದಲ್ಲಿ 1918ರಿಂದ 1924ರ ಅವಧಿಯ, ಅದೇ ಕೊಳದ ಮೇಲಿನ ಜಪಾನಿ ಶೈಲಿಯ ಸೇತುವೆಯ ಚಿತ್ರಗಳಿವೆ. ಅವುಗಳಲ್ಲಿ ಸೇತುವೆಯ ಕಮಾನು ಕೆಂಪು, ಕಂದು, ಕಿತ್ತಳೆಯ ಗೋಜಿನಲ್ಲಿ ಹೂತುಹೋಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೇತ್ರತಜ್ಞ ಮೈಕಲ್ ಮಾರ್ಮರ್ 2006ರಲ್ಲಿ, ಅಂಥ ಪೊರೆಯ ಹಿಂದಿನಿಂದ ಆ ಕೊಳ ಹೇಗೆ ಕಂಡಿರಬಹುದೆಂದು ಕಂಪ್ಯೂಟರಿನಲ್ಲಿ ತೋರಿಸಿದರು. ನೋಡಿದರೆ ಮರುಕ ಹುಟ್ಟುತ್ತದೆ: ಹಸಿರು ತೋಟವೆಲ್ಲ ಕಂದು ಮಬ್ಬಿನಲ್ಲಿ ಮುಳುಗಿರುತ್ತದೆ. ಆ ಚಿತ್ರಗಳ ಬಗ್ಗೆ ನಿಮ್ಮ ಭಾವನವರು ಮಾತಾಡಿದ್ದರೆ ನಾನು ಬಹುಪಾಲು ಒಪ್ಪುತ್ತಿದ್ದೆ. 1907ರ ಚಿತ್ರಕ್ಕೆ ಅದೇ ಕಾರಣವನ್ನು ಹಚ್ಚುವುದನ್ನು ಒಪ್ಪಲಾರೆ. ಮೋನೆಯ ಕೊಳದ ಯಾವ ಚಿತ್ರವನ್ನು ನೋಡಿದರೂ ಮೊದಲು ಅದರ ಇಸವಿ ಕೇಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ನಿಮಗೂ ಅದನ್ನೇ ಹೇಳುತ್ತೇನೆ.

ಹಾಗಾದರೆ ಅಷ್ಟು ಕೆಂಪು, ಅಷ್ಟು ಹಳದಿ, ಅವುಗಳ ಪಕ್ಕದಲ್ಲೇ ಅಷ್ಟು ನೇರಳೆ ಎಲ್ಲಿಂದ ಬಂದವು? ಸಂಜೆಯಿಂದಲೇ. ಸೂರ್ಯ ಇಳಿದಾಗ ಅವನ ಬೆಳಕು ಗಾಳಿಯ ಬಹು ದೀರ್ಘವಾದ ಪದರವನ್ನು ಹಾದು ಬರಬೇಕಾಗುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗಿ, ಕೆಂಪು-ಹಳದಿ ಮುಂದೆ ಸಾಗುತ್ತದೆ. ಚದುರಿದ ಆ ನೀಲಿ ಕಳೆದುಹೋಗುವುದಿಲ್ಲ, ನೆತ್ತಿಯ ಆಕಾಶದಲ್ಲಿ ಉಳಿದಿರುತ್ತದೆ. ಕೊಳ ಈ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಅದೂ ಎಲ್ಲೆಡೆ ಒಂದೇ ರೀತಿಯಲ್ಲಿ ಅಲ್ಲ. ಕೆರೆಯ ಏರಿಯ ಮೇಲೆ ನಿಂತು ಕಾಲಬುಡದ ನೀರನ್ನು ನೋಡಿದರೆ ತಳದ ಪಾಚಿ ಕಾಣುತ್ತದೆ, ದೂರದ ನೀರನ್ನು ನೋಡಿದರೆ ಆಕಾಶ ಮಾತ್ರ ಕಾಣುತ್ತದೆ. ನೇರವಾಗಿ ಕೆಳಗೆ ನೋಡಿದಾಗ ನೀರು ಪ್ರತಿಫಲಿಸುವುದು ಬೆಳಕಿನ ಶೇ. 2ರಷ್ಟನ್ನು ಮಾತ್ರ, ನೋಟ ಓರೆಯಾದಂತೆಲ್ಲ ಆ ಪಾಲು ಏರುತ್ತಾ ಹೋಗಿ, ಕೊನೆಗೆ ನೀರು ಪೂರ್ತಿ ಕನ್ನಡಿಯಾಗುತ್ತದೆ. ಈ ಸಾಲನ್ನು ಓದಿದ ಮೇಲೆ ನಿಮ್ಮ ಪ್ರತಿಯ ಕೆಳಗಿನ ಅಂಚನ್ನೂ ಮೇಲಿನ ಅಂಚನ್ನೂ ಮತ್ತೊಮ್ಮೆ ಹೋಲಿಸಿ ನೋಡಿ. ದಡವಿಲ್ಲ, ದಿಗಂತವಿಲ್ಲ, ಸೂರ್ಯನೂ ಇಲ್ಲ. ಆದರೂ ನಾವು ದಡದಲ್ಲಿ ನಿಂತಿದ್ದೇವೆ, ಸೂರ್ಯ ಈಗಷ್ಟೇ ಇಳಿಯುತ್ತಿದ್ದಾನೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಎಲೆಗಳು ಅಡ್ಡವಾಗಿ ಮಲಗುತ್ತವೆ, ಮರಗಳ ಪ್ರತಿಬಿಂಬ ಉದ್ದವಾಗಿ ಕೆಳಗಿಳಿಯುತ್ತದೆ. ಈ ಅಡ್ಡ ಮತ್ತು ಉದ್ದದ ನೇಯ್ಗೆಯಿಂದಲೇ ಅವರು ಇಡೀ ಜಾಗವನ್ನು ಕಟ್ಟಿದ್ದಾರೆ. ಕಣ್ಣು ಮಂಜಾದವರ ಕೆಲಸ ಇದಲ್ಲ.

ಇನ್ನೊಂದು ಕಾರಣ ಆರೋಗ್ಯವಂತ ಕಣ್ಣಿನೊಳಗೇ ಇದೆ. ಸಂಜೆ ದೀಪ ಹಚ್ಚುವ ಮೊದಲು ಅಂಗಳದ ದಾಸವಾಳವನ್ನು ನೋಡಿ. ಹಗಲಲ್ಲಿ ಎಲೆಗಿಂತ ಎದ್ದು ಕಾಣುತ್ತಿದ್ದ ಕೆಂಪು ಹೂವು ಆ ಹೊತ್ತಿಗೆ ಕಪ್ಪಾಗಿರುತ್ತದೆ, ಎಲೆ ಮಾತ್ರ ಇನ್ನೂ ಬೂದಿಹಸಿರಾಗಿ ಕಾಣುತ್ತಿರುತ್ತದೆ. ಬೆಳಕು ಕುಗ್ಗಿದಂತೆ ನಮ್ಮ ಕಣ್ಣು ಕೆಂಪಿಗೆ ಮಂದವಾಗಿ, ನೀಲಿ-ಹಸಿರಿಗೆ ಚುರುಕಾಗುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ ಈ ಗುಣಕ್ಕೆ ಅವರ ಹೆಸರೇ ಉಳಿದಿದೆ. ಹಾಗಾಗಿ ಮುಸ್ಸಂಜೆಯಲ್ಲಿ ಕೊಳದ ನೆರಳಿನ ಭಾಗ ನೀಲಿ-ನೇರಳೆಗೆ ತಿರುಗಿದಂತೆ ಕಾಣುವುದು ಸಹಜ. ಅದನ್ನು ಕಪ್ಪಿನಿಂದ ತುಂಬದೆ ಬಣ್ಣದಿಂದಲೇ ತುಂಬಿದ್ದು ಮೋನೆಯ ನಿಷ್ಠೆ. 1905ರಲ್ಲಿ ತಮ್ಮ ವ್ಯಾಪಾರಿಗೆ ಬರೆದ ಪತ್ರವೊಂದರಲ್ಲಿ ಅವರು ತಾವು ಬಳಸುವ ಬಣ್ಣಗಳನ್ನು ಹೇಳಿದ್ದಾರೆ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್, ಗಾಢ ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ಪಚ್ಚೆ ಹಸಿರು. ಆ ಪಟ್ಟಿಯಲ್ಲಿ ಕಪ್ಪು ಇಲ್ಲ.

ಮೋನೆ ಮತ್ತು ಅವರ ಗೆಳೆಯರ ಬಳಗವಾದ ಇಂಪ್ರೆಷನಿಸ್ಟರು ಆ ಕ್ಷಣದಲ್ಲಿ ಕಂಡದ್ದನ್ನು ಒಂದೇ ಉಸಿರಿಗೆ ಬಳಿದು ಮುಗಿಸುತ್ತಿದ್ದರು ಎಂಬ ಕಲ್ಪನೆಯನ್ನೂ ಇಲ್ಲಿಯೇ ಬಿಡುವುದು ಒಳ್ಳೆಯದು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಇಪ್ಪತ್ತು-ಇಪ್ಪತ್ತೈದು ನಿಮಿಷಗಳಲ್ಲಿ ಕತ್ತಲಾಗುತ್ತದೆ. ಜಿವೆರ್ನಿ ಇರುವುದು ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೇಸಿಗೆಯಲ್ಲಿ ಅಲ್ಲಿನ ಸಂಧ್ಯೆ ಸುಮಾರು 40 ನಿಮಿಷ ಎಳೆಯುತ್ತದೆ. ಆದರೂ ಎಣ್ಣೆಬಣ್ಣದ ಪದರ ಒಣಗಲು ದಿನಗಳೇ ಬೇಕು. ಮೋನೆ ಹಲವು ಕ್ಯಾನ್ವಾಸ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು, ಬೆಳಕು ಬದಲಾದಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ, ಮರುದಿನ ಅದೇ ಹೊತ್ತಿಗೆ ಅದಕ್ಕೇ ಮರಳುತ್ತಾ, ಕೊನೆಗೆ ಸ್ಟುಡಿಯೊದಲ್ಲಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ತಿದ್ದುತ್ತಿದ್ದರು. ತೃಪ್ತಿಯಾಗದೆ 1908ರಲ್ಲಿ ಹಲವನ್ನು ತಾವೇ ನಾಶಮಾಡಿದರು. ಉಳಿದವುಗಳಲ್ಲಿ 48 ಚಿತ್ರಗಳು 1909ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು.

ಲಂಡನ್ನಿನ ಚಿತ್ರದ ಮುಂದೆ ನಾನು ಒಮ್ಮೆ ಬಹಳ ಹೊತ್ತು ನಿಂತಿದ್ದೇನೆ. ಕಾವಲುಗಾರರು ಒಪ್ಪುವಷ್ಟು ಹತ್ತಿರ ಹೋಗಿ ಓರೆಯಾಗಿ ನೋಡಿದರೆ, ಕೆಳಗಿನ ಪದರದ ಬಣ್ಣ ಒಣಗಿ ಉಬ್ಬುತಗ್ಗಾಗಿರುವುದು ತಿಳಿಯುತ್ತದೆ. ಅದರ ಮೇಲೆ ಎಣ್ಣೆ ಕಡಿಮೆಯಿರುವ ಗಟ್ಟಿ ಬಣ್ಣವನ್ನು ಕುಂಚ ಒತ್ತದೆ ಎಳೆದಿದ್ದಾರೆ. ಉಬ್ಬಿನ ನೆತ್ತಿಯ ಮೇಲೆ ಮಾತ್ರ ಹೊಸ ಬಣ್ಣ ಹತ್ತಿ, ತಗ್ಗಿನಲ್ಲಿ ಹಳೆಯದು ಇಣುಕುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದೇ ಜಾಗ ನಡುಗುವ ನೀರಾಗುತ್ತದೆ. ಮುದ್ರಿತ ಪ್ರತಿಯಲ್ಲಿ ಎಷ್ಟೇ ಹಣ ಕೊಟ್ಟರೂ ಸಿಗದಿರುವುದು ಇದು.

ಇನ್ನು ನಿಮ್ಮ ಎರಡು ಕಣ್ಣುಗಳು. ನೀವು ಅನುಭವಿಸುತ್ತಿರುವುದನ್ನೇ ಮೋನೆ 1923ರಲ್ಲಿ, 82ನೆಯ ವಯಸ್ಸಿನಲ್ಲಿ ಅನುಭವಿಸಿದರು. ಡಾ. ಶಾರ್ಲ್ ಕುತೆಲಾ ಅವರ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು. ದಿನಗಟ್ಟಲೆ ತಲೆ ಅಲುಗಿಸದೆ ಮಲಗಬೇಕಾಗಿತ್ತು, ಅದೇ ವರ್ಷ ಜುಲೈನಲ್ಲಿ ಮತ್ತೆ ಕತ್ತರಿಸಬೇಕಾಯಿತು. ಆಮೇಲೆ ಆ ಕಣ್ಣಿಗೆ ಎಲ್ಲವೂ ಅತಿ ನೀಲಿಯಾಗಿ ಕಾಣತೊಡಗಿತು, ಪೊರೆಯಿದ್ದ ಎಡಗಣ್ಣಿಗೆ ಹಳೆಯ ಹಳದಿಯೇ. ಅವರು ಕಂಗಾಲಾದರು, ವೈದ್ಯರ ಮೇಲೆ ರೇಗಿದರು, ಬಣ್ಣದ ಗಾಜಿನ ಕನ್ನಡಕಗಳನ್ನು ಹಾಕಿ ನೋಡಿದರು, ಎಡಗಣ್ಣನ್ನು ಮುಟ್ಟಲು ಕೊನೆಯವರೆಗೂ ಬಿಡಲಿಲ್ಲ. ಆಗ ಕಣ್ಣಿನೊಳಗೆ ಇಡುವ ಕೃತಕ ಮಸೂರ ಇರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಅದನ್ನು ಕೂರಿಸಿದ್ದು 1949ರಲ್ಲಿ. ಮಸೂರವೇ ಇಲ್ಲದ ಕಣ್ಣಿಗೆ ಅತಿನೇರಳೆ ಕಿರಣಗಳ ಒಂದಿಷ್ಟು ಅಂಶ ತಲುಪುವುದು ನಿಜ. ಆದರೆ “ಮೋನೆ ಅತಿನೇರಳೆಯನ್ನು ಕಂಡು ನೈದಿಲೆ ಬರೆದರು” ಎಂಬ ಆಕರ್ಷಕ ಕಥೆಯನ್ನು 1907ರ ಚಿತ್ರದ ಮೇಲೆ ಹೊರಿಸಲು ಬರುವುದಿಲ್ಲ. ಅದಿನ್ನೂ ಶಸ್ತ್ರಚಿಕಿತ್ಸೆಗೆ ಹದಿನಾರು ವರ್ಷ ಮೊದಲಿನದು.

ನಿಮ್ಮ ಬಲಗಣ್ಣಿನಲ್ಲಿ ಈಗ ಸ್ವಚ್ಛವಾದ ಕೃತಕ ಮಸೂರವಿದೆ. ಇಷ್ಟು ವರ್ಷ ತಡೆಯಲ್ಪಟ್ಟಿದ್ದ ನೀಲಿ ಈಗ ಒಮ್ಮೆಲೇ ಒಳಗೆ ಬರುತ್ತಿರುವುದರಿಂದ ಅದು ಹೆಚ್ಚಾಗಿ ತೋರುತ್ತದೆ. ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಮಿದುಳು ಇದಕ್ಕೆ ಹೊಂದಿಕೊಳ್ಳುತ್ತದೆ ಎಂದು ನೇತ್ರವೈದ್ಯರು ಹೇಳುತ್ತಾರೆ. 67ರ ಆಸುಪಾಸಿನಲ್ಲಿದ್ದ ಮೋನೆಯ ಕಣ್ಣಿನ ಮಸೂರವೂ ವಯಸ್ಸಿಗೆ ತಕ್ಕಷ್ಟು ಹಳದಿಯಾಗಿಯೇ ಇದ್ದಿರುತ್ತದೆ, ಎಲ್ಲರದೂ ಆಗುತ್ತದೆ. ಹಾಗಾಗಿ ಅವರು ಕಂಡದ್ದು ನಿಮ್ಮ ಬಲಗಣ್ಣಿನಷ್ಟು ನೀಲಿಯೂ ಅಲ್ಲ, ಎಡಗಣ್ಣಿನಷ್ಟು ಕಂದೂ ಅಲ್ಲ. ಆದರೆ ಕ್ಯಾನ್ವಾಸಿನ ಮೇಲೆ ಅವರು ಹಚ್ಚಿದ ಕೋಬಾಲ್ಟ್ ನೀಲಿಯನ್ನು ಪೂರ್ತಿಯಾಗಿ ಒಳಗೆ ಬಿಡುವ ಕಣ್ಣು ನಿಮ್ಮ ಬಲಗಣ್ಣೇ. ಚಿತ್ರವನ್ನು ನೋಡಲು ನಾನಾದರೆ ಅದನ್ನೇ ನಂಬುತ್ತೇನೆ. ಎಡಗಣ್ಣಿನ ಶಸ್ತ್ರಚಿಕಿತ್ಸೆ ಯಾವಾಗ ಎಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಬೇಕು. ಚಿತ್ರದ ಮೇಲಿನ ಮಮತೆಯಿಂದ ಅದನ್ನು ಮುಂದೂಡಬೇಡಿ ಎಂದಷ್ಟೇ ನನ್ನ ವಿನಂತಿ. ನೋಡಿ, ಮೋನೆಯನ್ನು ಕೊನೆಯ ಮೂರು ವರ್ಷ ಕಾಡಿದ ಒಂದು ತೊಂದರೆ ಎರಡು ಕಣ್ಣುಗಳ ಈ ಜಗಳವೇ.

ಮೂರನೆಯದು ಕಾಗದ. ನಿಮ್ಮ ಸೊಸೆಯ ಅನುಮಾನ ಸರಿಯಿರುವ ಸಾಧ್ಯತೆ ಹೆಚ್ಚು. ಹೋಟೆಲು, ಕ್ಷೌರದಂಗಡಿಗಳಲ್ಲಿ ವರ್ಷಗಟ್ಟಲೆ ಬಿಸಿಲು ತಿಂದ ದೇವರ ಕ್ಯಾಲೆಂಡರು ನೀಲಿಗಟ್ಟಿರುವುದನ್ನು ನೋಡಿರುತ್ತೀರಿ. ಅಗ್ಗದ ಮುದ್ರಣದಲ್ಲಿ ಕೆಂಪು ಮತ್ತು ಹಳದಿ ಶಾಯಿ ಮೊದಲು ಮಾಸಿ, ನೀಲಿ ಕೊನೆಯವರೆಗೆ ನಿಲ್ಲುತ್ತದೆ. ಪಶ್ಚಿಮದ ಕಿಟಕಿಯ ಎದುರು ಆರು ವರ್ಷ ಇದ್ದ ಪ್ರತಿಗೆ, ಅದು ಸಾಧಾರಣ ಶಾಯಿಯದಾಗಿದ್ದರೆ, ಇದೇ ಆಗಿರಬಹುದು. ಹಾಗಾಗಿದ್ದರೆ ನಿಮ್ಮ ಬಲಗಣ್ಣಿಗೆ ಕಾಣುವ ನೀಲಿಯಲ್ಲಿ ಒಂದು ಪಾಲು ಕಣ್ಣಿನದು, ಒಂದು ಪಾಲು ಶಾಯಿಯದು. ಬೇರ್ಪಡಿಸಿ ತಿಳಿಯಲು ನಾವು ಕೆಲಸದಲ್ಲಿ ಬಳಸುವ ಸುಲಭ ಉಪಾಯವೊಂದಿದೆ. ಕಟ್ಟನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಬೋರಲು ಮಲಗಿಸಿ, ಹಿಂದಿನ ಹಲಗೆ ಬಿಚ್ಚಿ ಕಾಗದವನ್ನು ಹೊರತೆಗೆಯಿರಿ. ಚೌಕಟ್ಟಿನ ಅಥವಾ ಒಳಗಿನ ಅಂಚುಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗಿದ್ದ ಬೆರಳಗಲದ ಭಾಗಕ್ಕೆ ಬಿಸಿಲು ತಾಗಿರುವುದಿಲ್ಲ. ಹಗಲು ಬೆಳಕಿನಲ್ಲಿ, ಒಂದೇ ಕಣ್ಣಿನಿಂದ, ಅಂಚಿನ ಬಣ್ಣವನ್ನೂ ಅದರ ಪಕ್ಕದ ಬಣ್ಣವನ್ನೂ ಹೋಲಿಸಿ. ನಡುವೆ ಗೆರೆ ಎಳೆದಂತೆ ವ್ಯತ್ಯಾಸ ಕಂಡರೆ ಶಾಯಿ ಮಾಸಿದೆ. ಕಾಣದಿದ್ದರೆ ಮೊದಲಿನ ಮುದ್ರಣವೇ ಹಾಗಿತ್ತು, ಉಳಿದದ್ದು ಕಣ್ಣಿನ ಬದಲಾವಣೆ. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ, ಮೇಲ್ಪದರವೇ ಕಿತ್ತು ಬರುತ್ತದೆ.

ಮಾಸಿದ ಶಾಯಿಯನ್ನು ಮರಳಿ ತರುವ ದಾರಿಯಿಲ್ಲ. ವಾರ್ನಿಷ್ ಅಂತೂ ಬೇಡವೇ ಬೇಡ. ಅದು ಒದ್ದೆ ಮಾಡಿದ ಕಲ್ಲಿನಂತೆ ಕೆಲವು ದಿನ ಬಣ್ಣವನ್ನು ಗಾಢವಾಗಿ ತೋರಿಸುತ್ತದೆ, ಆಮೇಲೆ ತಾನೇ ಹಳದಿಗಟ್ಟುತ್ತದೆ. ಕಾಗದದೊಳಗೆ ಇಳಿದ ವಾರ್ನಿಷನ್ನು ಯಾರೂ ತೆಗೆಯಲಾರರು. ಹಿಂದೊಮ್ಮೆ ಒಂದು ಕುಟುಂಬದವರು ಅಜ್ಜನ ಕಾಲದ ತೈಲಚಿತ್ರವೊಂದನ್ನು ನನ್ನ ಬಳಿಗೆ ತಂದಿದ್ದರು. ಕಟ್ಟು ಹಾಕುವವರೊಬ್ಬರು “ಹೊಳಪು ಬರಲಿ” ಎಂದು ಮರಕ್ಕೆ ಹೊಡೆಯುವ ವಾರ್ನಿಷನ್ನೇ ಅದಕ್ಕೂ ಹೊಡೆದಿದ್ದರು. ಚಿತ್ರದ ಆಕಾಶ ಸಾಸಿವೆಯೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಹತ್ತಿಯ ಉಂಡೆಯಲ್ಲಿ ಬೆರಳುಗುರಿನಷ್ಟು ಜಾಗವನ್ನು ಒರೆಸುತ್ತಾ ಹೋಗಿ, ಪೂರ್ತಿ ಬಿಡಿಸಲಾಗದೆ ಒಂದು ಮೂಲೆಯನ್ನು ಹಾಗೆಯೇ ಬಿಡಬೇಕಾಯಿತು. ಮೋನೆ ಮತ್ತು ಅವರ ಗೆಳೆಯರು ತಮ್ಮ ಚಿತ್ರಗಳಿಗೆ ವಾರ್ನಿಷ್ ಬೇಡ, ಮೇಲ್ಮೈ ಮಂದವಾಗಿಯೇ ಇರಲಿ ಎಂದವರು. ಅವುಗಳಲ್ಲಿ ಹಲವಕ್ಕೆ ಆಮೇಲೆ ವ್ಯಾಪಾರಿಗಳೋ ಮಾಲೀಕರೋ ಹೊಡೆಸಿದ್ದಾರೆ ಎಂಬುದು ನಮ್ಮ ವೃತ್ತಿಯವರ ಹಳೆಯ ನೋವು.

ಉಳಿದ ದಾರಿಗಳಲ್ಲಿ ನನಗೆ ಮೇಲೆನಿಸುವುದು ಹೊಸ ಮುದ್ರಣ. ಬೇಗ ಮಾಸದ ಪಿಗ್ಮೆಂಟ್ ಶಾಯಿಯಲ್ಲಿ, ಆಮ್ಲರಹಿತ ಹತ್ತಿಯ ಕಾಗದದ ಮೇಲೆ ಮಾಡಿಸಿ. ಚಿತ್ರದ ಫೈಲನ್ನು ಎಲ್ಲಿಂದಲೋ ಇಳಿಸಿಕೊಳ್ಳದೆ ಗ್ಯಾಲರಿಯೇ ಕೊಡುವ ಪ್ರತಿಯನ್ನು ಬಳಸಿ. ಹೊರಗೆ ಹರಿದಾಡುವ ಪ್ರತಿಗಳಲ್ಲಿ ಸಂಜೆಯನ್ನು ಇನ್ನಷ್ಟು ಸಂಜೆಯಾಗಿಸಲು ಕಿತ್ತಳೆಯನ್ನು ಏರಿಸಿರುತ್ತಾರೆ. ಇದರ ತೊಂದರೆಯೆಂದರೆ ಖರ್ಚು, ಮತ್ತು ಎಷ್ಟೇ ಒಳ್ಳೆಯದಾದರೂ ಅದು ಚಪ್ಪಟೆ ಎಂಬುದು. ಕೈಯಲ್ಲಿ ಬರೆಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಮೋನೆ ತೀರಿಕೊಂಡದ್ದು 1926ರಲ್ಲಿ, ನಮ್ಮಲ್ಲಿ ಕೃತಿಸ್ವಾಮ್ಯ ಕಲಾವಿದರ ಮರಣದ ನಂತರ 60 ವರ್ಷಕ್ಕೆ ಮುಗಿಯುತ್ತದೆ. ಮೋನೆಯ ಸಹಿ ಮಾತ್ರ ಬೇಡ, ಬರೆದವರದೇ ಇರಲಿ. ಆದರೆ ಫೋನಿನ ಪರದೆ ನೋಡಿ ಬರೆಯುವ ಕಲಾವಿದರು ಪರದೆಯ ಹೊಳಪನ್ನೇ ಬರೆಯುತ್ತಾರೆ, ದಪ್ಪ ಬಣ್ಣ ಮೆತ್ತಿದರೆ ಮೋನೆಯಾಯಿತು ಎಂದುಕೊಳ್ಳುತ್ತಾರೆ. ಬರೆಸುವುದಾದರೆ ಮೂಲದ ಅಳತೆಯಲ್ಲೇ, ಅಂದರೆ 73 ಸೆಂಟಿಮೀಟರ್ ಎತ್ತರ, ಸುಮಾರು 93 ಸೆಂಟಿಮೀಟರ್ ಅಗಲದಲ್ಲಿ ಬರೆಸಿ. ಅದೇ ಹಣಕ್ಕೆ ಅವರು ತುಂಗೆಯ ದಡದಲ್ಲಿ ಕುಳಿತು ತಮ್ಮದೇ ಸಂಜೆಯೊಂದನ್ನು ಬರೆದುಕೊಟ್ಟರೆ ನನಗಂತೂ ಅದೇ ಹೆಚ್ಚು ಸಂತೋಷ. ಏನೂ ಮಾಡದೆ ಹಳೆಯ ಪ್ರತಿಯನ್ನೇ ಇಟ್ಟುಕೊಳ್ಳುವುದೂ ಒಂದು ದಾರಿ. ಅದು ಮಗ ಕೊಟ್ಟದ್ದು, ಅದಕ್ಕೆ ತನ್ನದೇ ಬೆಲೆಯಿದೆ.

ಯಾವುದನ್ನೇ ಹಾಕಿದರೂ ಜಾಗ ಬದಲಿಸಿ. ಬಿಸಿಲು ಬೀಳದ ಒಳಗೋಡೆ ಇರಲಿ, ಮಳೆಯ ಏಟು ತಿನ್ನುವ ಹೊರಗೋಡೆ ಬೇಡ. ಮಲೆನಾಡಿನ ಅಂಚಿನ ನಿಮ್ಮೂರಿನಲ್ಲಿ ಬಿಸಿಲಿಗಿಂತ ಬೂಷ್ಟು ದೊಡ್ಡ ಶತ್ರು. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಬಾಟಲಿಯ ಬಿರಡೆಯನ್ನು ಕತ್ತರಿಸಿ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಕಾಗದ ಗಾಜಿಗೆ ತಾಗದಂತೆ ನಡುವೆ ಅಂಚುಪಟ್ಟಿ ಹಾಕಿಸಿ. ದೀಪದ ವಿಷಯದಲ್ಲಿ, ನೀಲಿ ಛಾಯೆಯ 6500 ಕೆ (ಕೆಲ್ವಿನ್) ಟ್ಯೂಬಿನ ಬದಲು 3000 ಕೆ ಆಸುಪಾಸಿನ, ಬಣ್ಣ ತೋರಿಸುವ ಗುಣಾಂಕ (CRI) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ತನ್ನಿ. ಎರಡು ಅಂಕಿಗಳೂ ಡಬ್ಬಿಯ ಮೇಲಿರುತ್ತವೆ.

ಡಿಸೆಂಬರಿನ ಪ್ರಯಾಣದ ಬಗ್ಗೆ. ಹೊರಡುವ ಮೊದಲು ಗ್ಯಾಲರಿಯ ಜಾಲತಾಣದಲ್ಲಿ ಚಿತ್ರ ಗೋಡೆಯ ಮೇಲಿದೆಯೇ ಎಂದು ಮಗ ನೋಡಲಿ. ಚಿತ್ರಗಳು ಬೇರೆ ಊರುಗಳ ಪ್ರದರ್ಶನಕ್ಕೆ ಹೋಗುತ್ತಿರುತ್ತವೆ. ಸಾಧ್ಯವಾದರೆ ಪ್ಯಾರಿಸ್ಸಿಗೂ ಹೋಗಿಬನ್ನಿ. ಅಲ್ಲಿನ ಒರಾಂಜರಿ ಸಂಗ್ರಹಾಲಯದ ಎರಡು ಮೊಟ್ಟೆಯಾಕಾರದ ಕೋಣೆಗಳಲ್ಲಿ, ಮೊದಲ ಮಹಾಯುದ್ಧ ನಿಂತ ಮರುದಿನ, 1918ರ ನವೆಂಬರ್ 12ರಂದು, ಮೋನೆ ತಮ್ಮ ದೇಶಕ್ಕೆ ಕೊಡುವುದಾಗಿ ಹೇಳಿದ ನೈದಿಲೆ ಚಿತ್ರಗಳಿವೆ. ಮೊದಲ ಕೋಣೆಯ ಪಶ್ಚಿಮದ ಕೊನೆಯಲ್ಲಿ ಸೂರ್ಯಾಸ್ತವಿದೆ: 2 ಮೀಟರ್ ಎತ್ತರ, 6 ಮೀಟರ್ ಅಗಲ. ಇದು ಪೊರೆಯ ವರ್ಷಗಳ ಕೆಲಸ, ಹಾಗಾಗಿ ಭಾವನವರ ವಾದವನ್ನು ಇದರ ಮುಂದೆ ನಿಂತು ತೂಗಿ ನೋಡಬಹುದು. 2006ರ ನವೀಕರಣದ ನಂತರ ಆ ಕೋಣೆಗಳಿಗೆ ಸೂರಿನಿಂದ ಮತ್ತೆ ಹಗಲು ಬೆಳಕು ಇಳಿಯುತ್ತಿದೆ. ಸಂಗ್ರಹಾಲಯ ಸಂಜೆ 6ಕ್ಕೆ ಮುಚ್ಚುತ್ತದೆ, ಮಂಗಳವಾರ ರಜೆ. ಬೇಸಿಗೆಯಲ್ಲಿ ಹೋದವರು ಆ ಸೂರ್ಯಾಸ್ತವನ್ನು ಹಗಲಲ್ಲೇ ನೋಡಿ ಹೊರಬರಬೇಕು. ಡಿಸೆಂಬರಿನಲ್ಲಿ ಪ್ಯಾರಿಸ್ಸಿಗೆ ಸಂಜೆಯಾಗುವುದು 5 ಗಂಟೆಗೆ ಮೊದಲೇ. ನಾಲ್ಕು ಗಂಟೆಗೆ ಒಳಗೆ ಹೋಗಿ ನಡುವಿನ ಬೆಂಚಿನ ಮೇಲೆ ಕುಳಿತರೆ, ಹೊರಗಿನ ಬೆಳಕು ಇಳಿಯುವಾಗ ಗೋಡೆಯ ಮೇಲಿನ ಹಳದಿ ಏನಾಗುತ್ತದೆ, ಅದರ ಪಕ್ಕದ ನೇರಳೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣಬಹುದು.

ಅದಕ್ಕೂ ಮೊದಲು ಮನೆಯಲ್ಲೊಂದು ಕೆಲಸವಿದೆ. ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೆ, ಒಂದು ಮಧ್ಯಾಹ್ನ ಮೊಮ್ಮಕ್ಕಳ ಬಣ್ಣದ ಪೆನ್ಸಿಲ್ ಡಬ್ಬಿಯನ್ನಿಟ್ಟುಕೊಂಡು ಈ ಪ್ರತಿಯ ಮುಂದೆ ಕುಳಿತುಕೊಳ್ಳಿ. ನೀರಿನ ಅತಿ ಹೊಳೆಯುವ ಜಾಗ, ಅತಿ ಗಾಢವಾದ ನೆರಳು, ಒಂದು ಎಲೆ, ಈ ಮೂರನ್ನು ಆರಿಸಿಕೊಳ್ಳಿ. ಎಡಗಣ್ಣಿಗೆ ಕಂಡಂತೆ ಯಾವ ಪೆನ್ಸಿಲ್ ಹೊಂದುತ್ತದೋ ಅದನ್ನು ಬಲಗಣ್ಣು ಮುಚ್ಚಿ ಆರಿಸಿ, ಬಿಳಿ ಹಾಳೆಯ ಮೇಲೆ ತೀಡಿ. ಬಲಗಣ್ಣಿಗೂ ಹಾಗೆಯೇ ಮಾಡಿ. ಎರಡು ಹಾಳೆಗಳ ಮೇಲೂ ದಿನಾಂಕ ಬರೆದಿಡಿ. ಎರಡರಲ್ಲೂ ನೀವು ಒಂದೇ ಪೆನ್ಸಿಲನ್ನು ಆರಿಸಿದ ಜಾಗಗಳಿದ್ದರೆ ಆಶ್ಚರ್ಯಪಡಬೇಡಿ. ಮಲ್ಲಿಗೆಯ ಉದಾಹರಣೆಯಲ್ಲಿ ನಾನು ಹೇಳಿದ್ದು ಅದನ್ನೇ. ಎಲ್ಲಿ ಬೇರೆ ಪೆನ್ಸಿಲ್‌ಗಳು ಬಂದವು, ಅದು ಗಾಢ ನೀಲಿ-ನೇರಳೆಯ ಜಾಗವೇ ಎಂಬುದನ್ನು ದಯವಿಟ್ಟು ನನಗೂ ಬರೆದು ತಿಳಿಸಿ.